ಮರಿ ತರುವ ಮುನ್ನ: ಕುರಿನಾಯಿಗಳ ಚರಿತ್ರೆ

ಜರ್ಮನ್ ಶೆಫರ್ಡ್ ನಾಯಿಯನ್ನು ನೀವು ನೋಡಿಯೇ ಇರುತ್ತೀರಿ. ಪೊಲೀಸರ ಜೊತೆಯಲ್ಲಿ, ನಿವೃತ್ತ ಅಧಿಕಾರಿಯೊಬ್ಬರ ಮನೆಯ ಗೇಟಿನ ಹಿಂದೆ, ಕಾಫಿ ತೋಟದ ಬಂಗಲೆಯ ಜಗಲಿಯ ಮೇಲೆ. ನಮ್ಮ ಹಿರಿಯರು ಇದನ್ನೇ 'ಆಲ್ಸೇಷಿಯನ್' ಎನ್ನುತ್ತಿದ್ದರು. ಶೆಫರ್ಡ್ ಎಂದರೆ ಕುರಿಗಾಹಿ. ಆದರೆ ಅದು ಒಂದೇ ಒಂದು ಕುರಿಯ ಹಿಂದೆ ಹೋದದ್ದನ್ನು ನೀವು ಎಂದಾದರೂ ನೋಡಿದ್ದೀರಾ? ಹೆಸರಿನಲ್ಲಿ ಕುರಿಗಾಹಿ ಉಳಿದಿದ್ದಾನೆ, ಕುರಿ ಉಳಿದಿಲ್ಲ. ನಾಯಿಯ ಸ್ವಭಾವದಲ್ಲಿ ಮಾತ್ರ ಕುರಿ ಹಾಗೆಯೇ ಉಳಿದುಕೊಂಡಿದೆ ಎಂಬುದೇ ಈ ಲೇಖನದ ವಿಷಯ.

ಕಳೆದ ವರ್ಷ ನಮ್ಮ ವಿಭಾಗದ ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು, "ಸರ್, ಮನೆಗೆ ಬಾರ್ಡರ್ ಕೋಲಿ ಮರಿ ತರೋಣ ಅಂತಿದ್ದೇವೆ. ಎಲ್ಲಕ್ಕಿಂತ ಬುದ್ಧಿವಂತ ನಾಯಿ ಅಂತಲ್ಲ ಸರ್, ತರಬಹುದಾ?" ಎಂದು ಕೇಳಿದಳು. ಬೆಂಗಳೂರಿನಲ್ಲಿ ಎರಡನೇ ಮಹಡಿಯ ಮನೆ. ತಂದೆ ತಾಯಿ ಇಬ್ಬರೂ ಕೆಲಸಕ್ಕೆ ಹೋಗುವವರು. ಮನೆಯಲ್ಲಿ ಯಾರೂ ಈ ಹಿಂದೆ ನಾಯಿ ಸಾಕಿದವರಲ್ಲ. ಭೌತವಿಜ್ಞಾನದ ಮೇಷ್ಟ್ರನ್ನು ಈ ಪ್ರಶ್ನೆ ಕೇಳಲು ಕಾರಣ, ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ನಾಯಿ ಸಾಕುತ್ತಿರುವುದು ಅವಳಿಗೆ ಗೊತ್ತಿತ್ತು. ಮೊದಲನೆಯ ನಾಯಿಯ ವಿಷಯದಲ್ಲಿ ನಾನು ಮಾಡಿದ ತಪ್ಪು ಗೊತ್ತಿರಲಿಲ್ಲ. ಅವಳಿಗೆ ಉತ್ತರ ಹೇಳಲು ಹೊರಟು ಅರ್ಧ ಗಂಟೆ ಚರಿತ್ರೆ ಹೇಳಿದೆ. ಎಂಟು ವಾರದ ಮರಿಯನ್ನು ಎಷ್ಟು ಹೊತ್ತು ನೋಡಿದರೂ ಅದು ಮುಂದೆ ಏನಾಗುತ್ತದೆಂದು ತಿಳಿಯುವುದು ಕಷ್ಟ. ಅದರ ಪೂರ್ವಜರನ್ನು ಜನ ಯಾವ ಕೆಲಸಕ್ಕಾಗಿ ಆರಿಸುತ್ತ ಬಂದರು ಎಂಬುದು ಅದಕ್ಕಿಂತ ಹೆಚ್ಚು ತಿಳಿಸುತ್ತದೆ.

ಕುರಿಗಾಹಿ ಮುಂದೋ ಹಿಂದೋ?

1570ರಲ್ಲಿ ಜಾನ್ ಕೀಸ್ ಎಂಬ ಇಂಗ್ಲಿಷ್ ವೈದ್ಯ ಬ್ರಿಟನ್ನಿನ ನಾಯಿಗಳ ಬಗ್ಗೆ ಲ್ಯಾಟಿನ್ ಭಾಷೆಯಲ್ಲಿ ಒಂದು ಕಿರುಪುಸ್ತಕ ಪ್ರಕಟಿಸಿದ. ಕೇಂಬ್ರಿಜ್‌ನ ಒಂದು ಕಾಲೇಜಿಗೆ ಇಂದಿಗೂ ಅವನ ಹೆಸರಿದೆ. ಕುರಿನಾಯಿಯ ಬಗ್ಗೆ ಬರೆಯುವಾಗ ಆತ ಎರಡು ಸೂಕ್ಷ್ಮಗಳನ್ನು ಗಮನಿಸಿದ್ದಾನೆ. ಒಂದು, ಫ್ರಾನ್ಸ್, ಸಿರಿಯ ಮುಂತಾದ ಕಡೆ ಕುರಿಗಳು ಕುರಿಗಾಹಿಯ ಹಿಂದೆ ಹೋಗುತ್ತವೆ; ಇಂಗ್ಲೆಂಡಿನಲ್ಲಿ ಕುರಿಗಾಹಿಯೇ ಕುರಿಗಳ ಹಿಂದೆ ಹೋಗುತ್ತಾನೆ. ಎರಡು, ಇಂಗ್ಲೆಂಡಿನ ಕುರಿನಾಯಿ ದೈತ್ಯಗಾತ್ರದ್ದಲ್ಲ, ಏಕೆಂದರೆ ಅಲ್ಲಿ ಅದು ತೋಳದೊಡನೆ ಹೋರಾಡಬೇಕಾಗಿಲ್ಲ, ತೋಳಗಳೇ ಇಲ್ಲ.

ಈ ಎರಡು ವಾಕ್ಯಗಳನ್ನು ನಮ್ಮ ನೆಲದ ಪಕ್ಕ ಇಟ್ಟು ನೋಡಿ. ಕೊಪ್ಪಳ, ಗಂಗಾವತಿ ಸುತ್ತಿನ ಕುರುಚಲು ಬಯಲಿನಲ್ಲಿ ಇಂದಿಗೂ ತೋಳಗಳಿವೆ. ನಮ್ಮ ಕುರುಬರು ಹಿಂಡಿನ ಜೊತೆಗೇ ನಡೆಯುತ್ತಾರೆ, ರಾತ್ರಿ ಹೊಲದಲ್ಲಿ ಹಿಂಡಿನ ಪಕ್ಕದಲ್ಲೇ ಮಲಗುತ್ತಾರೆ. ಕುರಿಯನ್ನು ತಿರುಗಿಸಲು ಅವರ ಕೂಗು, ಶಿಳ್ಳೆ, ಕೋಲು ಸಾಕು. ಅವರಿಗೆ ಬೇಕಾದದ್ದು ರಾತ್ರಿ ಬೊಗಳುವ, ತೋಳಕ್ಕೆ ಎದುರು ನಿಲ್ಲುವ ಕಾವಲು ನಾಯಿ. ಸ್ಕಾಟ್ಲೆಂಡ್ ಗಡಿಯ ಗುಡ್ಡಗಳಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಬೇಲಿಯಿಲ್ಲದ ಬೆಟ್ಟದ ಮೇಲೆ ಕುರಿಗಳು ತಮ್ಮ ಪಾಡಿಗೆ ಮೇಯುತ್ತವೆ. ಉಣ್ಣೆ ಕತ್ತರಿಸಲು, ಮರಿಗಳನ್ನು ಬೇರ್ಪಡಿಸಲು ವರ್ಷದಲ್ಲಿ ಕೆಲವು ಬಾರಿ ಅವನ್ನೆಲ್ಲ ಕೆಳಗೆ ತರಬೇಕು. ಒಬ್ಬ ಮನುಷ್ಯ, ನೂರಾರು ಕುರಿ, ಕಡಿದಾದ ಇಳಿಜಾರು. ಅಲ್ಲಿ ಬೇಕಾದದ್ದು ದೂರ ಓಡಿ, ಸುತ್ತುಹಾಕಿ, ಚದುರಿದ ಕುರಿಗಳನ್ನು ತರುಬಿ ತರುವ ನಾಯಿ. ಕಾಯುವ ನಾಯಿ ಬೇರೆ, ತರುಬುವ ನಾಯಿ ಬೇರೆ. ಕನ್ನಡದಲ್ಲಿ ಎರಡನ್ನೂ 'ಕುರಿ ಕಾಯುವ ನಾಯಿ' ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಗೊಂದಲ ಅಲ್ಲಿಂದಲೇ ಆರಂಭ!

ಚಾರ್ಲ್ಸ್ ಡಾರ್ವಿನ್ ಕೂಡ ಇದನ್ನು ಗಮನಿಸಿದ್ದ. 1859ರ ತನ್ನ 'ಜೀವಿಜಾತಿಗಳ ಉಗಮ' ಗ್ರಂಥದಲ್ಲಿ ಸಹಜಪ್ರವೃತ್ತಿಯ ಬಗೆಗಿನ ಅಧ್ಯಾಯವಿದೆ. ಕುರಿನಾಯಿ ಹಿಂಡಿನ ಮೇಲೆ ನೇರವಾಗಿ ಎರಗದೆ ಅದರ ಸುತ್ತ ಓಡುವ ಒಲವು ಸ್ವಲ್ಪಮಟ್ಟಿಗಾದರೂ ಹುಟ್ಟಿನಿಂದ ಬರುವಂಥದು ಎಂದು ಆತ ಅಲ್ಲಿ ಹೇಳುತ್ತಾನೆ. ಇದನ್ನು ಅಮೆರಿಕದ ರೇಮಂಡ್ ಮತ್ತು ಲೋರ್ನಾ ಕಾಪಿಂಜರ್ ದಂಪತಿ 2001ರ ತಮ್ಮ ಪುಸ್ತಕದಲ್ಲಿ ಇನ್ನೂ ಸ್ಪಷ್ಟಪಡಿಸಿದರು. ತೋಳದ ಬೇಟೆ ಒಂದು ಸರಪಳಿ: ಗುರುತಿಸು, ದಿಟ್ಟಿಸು, ಹೊಂಚುಹಾಕು, ಅಟ್ಟು, ಹಿಡಿ, ಕೊಲ್ಲು. ತರುಬುವ ನಾಯಿಯಲ್ಲಿ ಸರಪಳಿಯ ಮೊದಲ ಕೊಂಡಿಗಳು ಅತಿಯಾಗಿ ಬೆಳೆದಿವೆ, ಕೊನೆಯವು ಕುಂಠಿತವಾಗಿವೆ. ಕಾವಲು ನಾಯಿಯಲ್ಲಿ ಇಡೀ ಸರಪಳಿಯೇ ಮಂದ. ಆದ್ದರಿಂದಲೇ ಅದನ್ನು ಕುರಿಗಳ ನಡುವೆ ಬಿಟ್ಟು ಮಲಗಬಹುದು.

ಒಂದು ಸುಲಭ ಭೌತವಿಜ್ಞಾನ

ಇಲ್ಲಿ ನನ್ನ ವಿಷಯಕ್ಕೆ ಸ್ವಲ್ಪ ಅವಕಾಶ ಕೊಡಿ. ಒಂದೇ ನಾಯಿ ನೂರು ಕುರಿಗಳನ್ನು ಹೇಗೆ ನಡೆಸುತ್ತದೆ? 1971ರಲ್ಲಿ ಡಬ್ಲ್ಯು.ಡಿ. ಹ್ಯಾಮಿಲ್ಟನ್ ಎಂಬ ಜೀವವಿಜ್ಞಾನಿ, ಅಪಾಯ ಕಂಡಾಗ ಪ್ರತಿ ಪ್ರಾಣಿಯೂ ತನ್ನ ಸ್ವಾರ್ಥಕ್ಕಾಗಿ ಇತರರ ನಡುವೆ ನುಗ್ಗುವುದರಿಂದಲೇ ಹಿಂಡು ಒಟ್ಟುಗೂಡುತ್ತದೆ ಎಂದು ತೋರಿಸಿದ. 2012ರಲ್ಲಿ ಆಂಡ್ರ್ಯೂ ಕಿಂಗ್ ಮತ್ತು ಸಂಗಡಿಗರು ಕುರಿಗಳಿಗೂ ಕೆಲ್ಪಿ ತಳಿಯ ಒಂದು ನಾಯಿಗೂ ಜಿಪಿಎಸ್ ಕಟ್ಟಿ ಇದನ್ನು ಅಳೆದರು. ನಾಯಿ ಹತ್ತಿರ ಬಂದಂತೆ ಕುರಿಗಳು ಹಿಂಡಿನ ಮಧ್ಯದತ್ತ ಸರಿಯುತ್ತಿದ್ದವು. 2014ರಲ್ಲಿ ಡೇನಿಯಲ್ ಸ್ಟ್ರಾಂಬಮ್ ಮತ್ತಿತರರು ನಾಯಿಯ ಕೆಲಸಕ್ಕೆ ಎರಡೇ ನಿಯಮ ಸಾಕೆಂದು ಗಣಕ ಮಾದರಿಯಿಂದ ತೋರಿಸಿದರು. ಹಿಂಡು ಚದುರಿದ್ದರೆ ಎಲ್ಲಕ್ಕಿಂತ ದೂರದ ಕುರಿಯ ಹಿಂದೆ ಹೋಗಿ ಅದನ್ನು ಸೇರಿಸು. ಕೂಡಿಕೊಂಡಿದ್ದರೆ ಹಿಂಡಿನ ಹಿಂದೆ ನಿಂತು ಗುರಿಯತ್ತ ನಡೆಸು. ನಾಯಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಲಾಡುತ್ತ ಓಡುವ ಆ ಚಂದದ ನಡೆ ಈ ಎರಡು ನಿಯಮಗಳಿಂದ ತಾನಾಗಿಯೇ ಮೂಡುತ್ತದೆ. ಪದವಿ ತರಗತಿಯ ವಿದ್ಯಾರ್ಥಿಗಳು ಇದನ್ನು ಗಣಕದಲ್ಲಿ ಬರೆದು ನೋಡಬಹುದು. ಕುರಿಗಳ ನಡುವೆ ಆಕರ್ಷಣೆ, ನಾಯಿಯಿಂದ ವಿಕರ್ಷಣೆ, ಅಷ್ಟೇ.

ಈಗ ಕುರಿಗಳ ಜಾಗದಲ್ಲಿ ಮನೆಯ ಮಕ್ಕಳನ್ನಿಡಿ. ಮಕ್ಕಳು ಅಂಗಳದಲ್ಲಿ ಚದುರಿ ಓಡುತ್ತಾರೆ. ಮರಿ ಸುತ್ತುಹಾಕುತ್ತದೆ, ಅಡ್ಡ ಬರುತ್ತದೆ, ಕೊನೆಗೆ ಹಿಮ್ಮಡಿಗೆ ಬಾಯಿ ಹಾಕುತ್ತದೆ. ರಸ್ತೆಯಲ್ಲಿ ಸೈಕಲ್, ಸ್ಕೂಟರುಗಳನ್ನು ಅಟ್ಟುತ್ತದೆ. ಮನೆಯವರು 'ಕಚ್ಚುವ ನಾಯಿ' ಎಂದು ಅದನ್ನು ಸರಪಳಿಯಲ್ಲಿ ಕಟ್ಟುತ್ತಾರೆ. ಪಾಪ, ಅದು ತನಗೆ ವಹಿಸಿದ ಕೆಲಸ ಮಾಡುತ್ತಿತ್ತು!

1873: ಎರಡು ತಕ್ಕಡಿಗಳು

ಮರಿ ಕೊಳ್ಳುವವರು ನೆನಪಿಡಬೇಕಾದ ಇಸವಿಯೊಂದಿದ್ದರೆ ಅದು 1873. ಆ ವರ್ಷ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಸ್ಥಾಪನೆಯಾಯಿತು. ತಳಿಗಳ ದಾಖಲೆ ಪುಸ್ತಕ, ವಂಶಾವಳಿ, ಪ್ರದರ್ಶನ, ಬಹುಮಾನ ಇವೆಲ್ಲಕ್ಕೂ ಒಂದು ವ್ಯವಸ್ಥೆ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ವೇಲ್ಸ್‌ನ ಬಾಲಾ ಎಂಬ ಊರಿನಲ್ಲಿ ರಿಚರ್ಡ್ ಲಾಯ್ಡ್ ಪ್ರೈಸ್ ಎಂಬ ಜಮೀನುದಾರ ಕುರಿನಾಯಿಗಳ ಕೆಲಸದ ಸ್ಪರ್ಧೆ ಏರ್ಪಡಿಸಿದ. ಅಲ್ಲಿ ನಾಯಿ ನೋಡಲು ಹೇಗಿದೆ ಎಂದು ಯಾರೂ ಕೇಳಲಿಲ್ಲ, ಕುರಿಯನ್ನು ಹೇಗೆ ತರುತ್ತದೆ ಎಂದು ಕೇಳಿದರು. ಗೆದ್ದದ್ದು ಜೇಮ್ಸ್ ಥಾಮ್ಸನ್ ಎಂಬ ಸ್ಕಾಟಿಷ್ ಕುರಿಗಾರನ 'ಟ್ವೀಡ್' ಎಂಬ ಸಣ್ಣ ನಾಯಿ. ಒಂದೇ ವರ್ಷ, ನಾಯಿಯನ್ನು ತೂಗುವ ಎರಡು ತಕ್ಕಡಿ: ರೂಪ ಮತ್ತು ಕೆಲಸ. ಅಂದಿನಿಂದ ಕುರಿನಾಯಿಗಳ ಚರಿತ್ರೆ ಈ ಎರಡು ದಾರಿಗಳಲ್ಲಿ ಸಾಗಿದೆ. ಉದ್ದ ಮೂತಿಯ, ಸೊಂಪಾದ ಕೂದಲಿನ ಕೋಲಿ ಮೊದಲನೆಯ ದಾರಿಯ ಫಲ. ಬಾರ್ಡರ್ ಕೋಲಿ ಎರಡನೆಯ ದಾರಿಯದು.

ಇಂದಿನ ಬಾರ್ಡರ್ ಕೋಲಿಗಳ ಮೂಲಪುರುಷ 'ಓಲ್ಡ್ ಹೆಂಪ್'. 1893ರಲ್ಲಿ ಇಂಗ್ಲೆಂಡಿನ ನಾರ್ತಂಬರ್‌ಲ್ಯಾಂಡ್‌ನಲ್ಲಿ ಆಡಂ ಟೆಲ್ಫರ್ ಎಂಬ ರೈತನ ಮನೆಯಲ್ಲಿ ಹುಟ್ಟಿ, 1901ರಲ್ಲಿ ಸತ್ತಿತು. ಅದರ ತಂದೆ ರಾಯ್ ಸ್ನೇಹಸ್ವಭಾವದ, ಸಡಿಲ ನಾಯಿ. ತಾಯಿ ಮೆಗ್ ಬಹಳ ಪುಕ್ಕಲು. ಆದರೆ ಕುರಿಯನ್ನು ಕಣ್ಣಿನಿಂದಲೇ ಕಟ್ಟಿಹಾಕುವಂಥದು. ಎರಡರ ನಡುವಿನ ಹದ ಮಗನಿಗೆ ಬಂತು. ಬೊಗಳದೆ, ಕಚ್ಚದೆ, ತಲೆ ತಗ್ಗಿಸಿ ದಿಟ್ಟಿಸುತ್ತ ಕುರಿಗಳನ್ನು ನಡೆಸುತ್ತಿತ್ತು. ಸುತ್ತಮುತ್ತಲ ಕುರಿಗಾರರೆಲ್ಲ ತಮ್ಮ ಹೆಣ್ಣುನಾಯಿಗಳನ್ನು ಅದರ ಬಳಿಗೆ ತಂದರು. ಅದಕ್ಕೆ ಹುಟ್ಟಿದ ಮರಿಗಳು 200ಕ್ಕೂ ಹೆಚ್ಚು ಎನ್ನಲಾಗಿದೆ. 1906ರಲ್ಲಿ ಅಂತರರಾಷ್ಟ್ರೀಯ ಕುರಿನಾಯಿ ಸಂಘ ಆರಂಭವಾಯಿತು. ಅದರ ಕಾರ್ಯದರ್ಶಿ ಜೇಮ್ಸ್ ರೀಡ್ 1915ರಲ್ಲಿ 'ಬಾರ್ಡರ್ ಕೋಲಿ' ಎಂಬ ಹೆಸರು ಬಳಸಿದ. ಬಾರ್ಡರ್ ಎಂದರೆ ಇಂಗ್ಲೆಂಡ್‌–ಸ್ಕಾಟ್ಲೆಂಡ್ ಗಡಿ.

ಮೆಗ್‌ಳನ್ನು ಮರೆಯಬೇಡಿ. ಆ ತಳಿಯ ಚುರುಕಿನ ಜೊತೆಗೆ ಪುಕ್ಕಲುತನವೂ ರಕ್ತದಲ್ಲಿ ಹರಿದುಬಂದಿದೆ. ಸದ್ದಿಗೆ ಬೆಚ್ಚುವ ಬಾರ್ಡರ್ ಕೋಲಿಗಳು ಅಪರೂಪವಲ್ಲ. ದೀಪಾವಳಿಯ ದಿನ ಇದು ನಿಮ್ಮ ಗಮನಕ್ಕೆ ಬರುತ್ತದೆ.

'ಬುದ್ಧಿವಂತ ನಾಯಿ' ಎಂಬ ಮಾತಿಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಅಮೆರಿಕದ ದಕ್ಷಿಣ ಕೆರೋಲಿನಾದಲ್ಲಿ ಚೇಸರ್ ಎಂಬ ಬಾರ್ಡರ್ ಕೋಲಿ 1,022 ಆಟಿಕೆಗಳ ಹೆಸರು ಕಲಿತ ವರದಿ 2011ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ನೆನಪಿರುವುದು ಆ ಸಂಖ್ಯೆ. ಅದನ್ನು ಕಲಿಸಿದ ಜಾನ್ ಪಿಲ್ಲಿ ನಿವೃತ್ತ ಮನೋವಿಜ್ಞಾನ ಪ್ರಾಧ್ಯಾಪಕರೆಂಬುದೂ, ಮೂರು ವರ್ಷ ದಿನಕ್ಕೆ ನಾಲ್ಕೈದು ಗಂಟೆ ಅದರೊಡನೆ ಕಳೆದರೆಂಬುದೂ ಯಾರಿಗೂ ನೆನಪಿರುವುದಿಲ್ಲ! ಬುದ್ಧಿವಂತ ನಾಯಿ ಎಂದರೆ ಕೆಲಸ ಕೇಳುವ ನಾಯಿ. ನೀವು ಕೆಲಸ ಕೊಡದಿದ್ದರೆ ತಾನೇ ಹುಡುಕಿಕೊಳ್ಳುತ್ತದೆ.

ಬದುವಿನ ಮೇಲಿನ ನಾಯಿ

ಜರ್ಮನಿಯ ಕತೆ ಬೇರೆ. ಅಲ್ಲಿ ಬೆಟ್ಟದಿಂದ ಕುರಿ ತರುವ ಕೆಲಸಕ್ಕಿಂತ, ಬೇಲಿಯಿಲ್ಲದ ಹೊಲಗಳ ನಡುವೆ ಕುರಿ ಮೇಯಿಸುವ ಕೆಲಸ ಮುಖ್ಯ. ಒಂದು ಪಟ್ಟಿಯಲ್ಲಿ ಹುಲ್ಲು, ಪಕ್ಕದಲ್ಲೇ ಇನ್ನೊಬ್ಬರ ಪೈರು. ನಾಯಿ ಇಡೀ ದಿನ ಬದುವಿನ ಮೇಲೆ ಹಿಂದಕ್ಕೂ ಮುಂದಕ್ಕೂ ಓಡುತ್ತ ತಾನೇ ಬೇಲಿಯಾಗಬೇಕು. ಗಡಿ ದಾಟಿದ ಕುರಿಯನ್ನು ಒಳಕ್ಕೆ ತಳ್ಳಬೇಕು. ಸಾಲದ್ದಕ್ಕೆ ದಾರಿಹೋಕರಿಂದ ಹಿಂಡನ್ನು ರಕ್ಷಿಸಲೂ ಬೇಕು. ದಿನವಿಡೀ ದಣಿಯದೆ ಜಿಗಿದೋಡುವ ನಡೆ, ಗಡಿಯ ಪ್ರಜ್ಞೆ, ಅಪರಿಚಿತರ ಮೇಲೆ ಅನುಮಾನ: ಜರ್ಮನ್ ಶೆಫರ್ಡ್‌ನ ಸ್ವಭಾವದ ಪಟ್ಟಿ ಇದರಿಂದಲೇ ಸಿದ್ಧವಾಯಿತು.

ಮ್ಯಾಕ್ಸ್ ಫಾನ್ ಸ್ಟೆಫನಿಟ್ಸ್ ಎಂಬ ಅಶ್ವದಳದ ಕ್ಯಾಪ್ಟನ್ 1899ರ ಏಪ್ರಿಲ್‌ನಲ್ಲಿ ಕಾರ್ಲ್ಸ್‌ರೂಯೆ ನಗರದ ನಾಯಿ ಪ್ರದರ್ಶನದಲ್ಲಿ ಒಂದು ನಾಯಿಯನ್ನು ಕಂಡು ಅಲ್ಲೇ ಕೊಂಡ. ಅದಕ್ಕೆ ಹೊರಾಂಡ್ ಎಂದು ಹೊಸ ಹೆಸರಿಟ್ಟು, ಅದೇ ತಿಂಗಳು ಸಂಘ ಕಟ್ಟಿ, ದಾಖಲೆ ಪುಸ್ತಕದ ಮೊದಲ ಸಾಲಿನಲ್ಲಿ ಬರೆದ. ರೂಪಕ್ಕಿಂತ ಉಪಯುಕ್ತತೆ ಮುಖ್ಯ ಎಂಬುದು ಅವನ ನಿಲುವು. ಆದರೆ ಆ ವೇಳೆಗೆ ಆಸ್ಟ್ರೇಲಿಯದ ಅಗ್ಗದ ಉಣ್ಣೆಯಿಂದಾಗಿ ಜರ್ಮನಿಯಲ್ಲಿ ಕುರಿ ಸಾಕಣೆ ಕುಸಿಯುತ್ತಿತ್ತು. ಕೆಲಸಗಾರ ಸಿದ್ಧ, ಕೆಲಸ ಇಲ್ಲ! ಸ್ಟೆಫನಿಟ್ಸ್ ತನ್ನ ನಾಯಿಯನ್ನು ಪೊಲೀಸರಿಗೆ, ಸೈನ್ಯಕ್ಕೆ ಕೊಡತೊಡಗಿದ. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಓಲ್ಡೆನ್‌ಬರ್ಗ್‌ನಲ್ಲಿ ಮಾರ್ಗದರ್ಶಿ ನಾಯಿಗಳ ಶಾಲೆ ತೆರೆಯಿತು. ಶತ್ರುದೇಶದ ಹೆಸರು ಬೇಡವೆಂದು ಬ್ರಿಟಿಷರು ಈ ತಳಿಯನ್ನು 'ಆಲ್ಸೇಷಿಯನ್' ಎಂದು ಕರೆದದ್ದೂ ಆ ಯುದ್ಧದ ಕಾರಣದಿಂದಲೇ. ಬ್ರಿಟನ್ನಿನ ಕೆನಲ್ ಕ್ಲಬ್ ಮೂಲ ಹೆಸರನ್ನು ಮರಳಿ ಅಂಗೀಕರಿಸಿದ್ದು 1977ರಲ್ಲಿ. ನಮ್ಮ ಊರುಗಳಲ್ಲಿ ಹಳೆಯ ಹೆಸರು ಇನ್ನೂ ಪೂರ್ತಿ ಅಳಿದಿಲ್ಲ.

ರೂಪದ ತಕ್ಕಡಿ ಇಲ್ಲೂ ಬೆನ್ನುಬಿಡಲಿಲ್ಲ. ನಾಯಿಗಳು ಎತ್ತರವಾಗುತ್ತ, ಸ್ವಭಾವ ಕೆಡುತ್ತ ಹೋದುದನ್ನು ಕಂಡು 1925ರಲ್ಲಿ ಸ್ವತಃ ಸ್ಟೆಫನಿಟ್ಸ್ ಕ್ಲೋಡೊ ಎಂಬ ಗಿಡ್ಡ ದೇಹದ ನಾಯಿಯನ್ನು ವರ್ಷದ ಶ್ರೇಷ್ಠ ಗಂಡುನಾಯಿಯೆಂದು ಆರಿಸಿದ. ಮುಂದಿನ ಸಾಕಣೆಗಾರರೆಲ್ಲ ಕ್ಲೋಡೊ ಮೇಲೆ ಮುಗಿಬಿದ್ದರು. ಅದೇ ಕೆಲವು ನಾಯಿಗಳಿಂದ ಮತ್ತೆ ಮತ್ತೆ ತಳಿಯೆಬ್ಬಿಸಿದರೆ ಒಳ್ಳೆಯ ಗುಣದ ಜೊತೆ ದೋಷವೂ ಸಾಂದ್ರವಾಗುತ್ತದೆ. ಸೊಂಟದ ಕೀಲು ಸಡಿಲವಾಗುವ ಹಿಪ್ ಡಿಸ್‌ಪ್ಲೇಸಿಯ ಈ ತಳಿಯಲ್ಲಿ ಹೆಚ್ಚು. ಆದ್ದರಿಂದ ಮರಿಯನ್ನು ನೋಡುವ ಮೊದಲು ಅದರ ತಂದೆ ತಾಯಿಯ ಸೊಂಟದ ಕ್ಷಕಿರಣ ಚಿತ್ರವನ್ನು ಕೇಳಿ. ಕೇಳಿದ್ದಕ್ಕೆ ನಕ್ಕವರ ಬಳಿ ಮರಿ ಕೊಳ್ಳಬೇಡಿ.

ತೆರೆದ ಬಾಗಿಲು, ಮುಚ್ಚುವ ಬಾಗಿಲು

ಈಗ ನನ್ನ ತಪ್ಪಿನ ವಿಷಯ. ನಮ್ಮ ಮೊದಲ ನಾಯಿ ಜರ್ಮನ್ ಶೆಫರ್ಡ್. ಮಾರಿದಾತ ಎಂಟು ವಾರ ಎಂದ. ಹಲ್ಲು ನೋಡಿದ ವೈದ್ಯರು ಐದು ಇರಬಹುದು ಎಂದರು. ಚುಚ್ಚುಮದ್ದುಗಳೆಲ್ಲ ಮುಗಿಯುವವರೆಗೆ ಹೊರಗೆ ಬಿಡಬೇಡಿ ಎಂದು ಹಲವರು ಹೇಳಿದರು. ನಾನು ವಿಧೇಯ ಮನುಷ್ಯ. ನಾಲ್ಕೂವರೆ ತಿಂಗಳವರೆಗೆ ಅದು ಗೇಟಿನಾಚೆಯ ಪ್ರಪಂಚ ಕಾಣಲಿಲ್ಲ. ಮೊದಲ ಸಲ ರಸ್ತೆಗೆ ಕರೆದೊಯ್ದಾಗ ಒಂದು ಆಟೋ ಹಾದುಹೋಯಿತು, ನಾಯಿ ನೆಲಕ್ಕಂಟಿ ನಡುಗಿತು. ಆಮೇಲೆ ಅದರ ಹನ್ನೊಂದು ವರ್ಷವೂ ಅಪರಿಚಿತರೆಂದರೆ ಭಯ, ಭಯದಿಂದ ಸಿಟ್ಟು. ಮನೆಗೆ ಬಂದ ನೆಂಟರು ಬಾಗಿಲಲ್ಲೇ ನಿಂತು "ಕಟ್ಟಿದ್ದೀರಾ?" ಎಂದು ಕೇಳುವುದು ರೂಢಿಯಾಯಿತು. ತಳಿಯ ದೋಷ ಎಂದುಕೊಂಡೆವು.

ನಾನು ಆಗ ಓದಿರಬೇಕಾಗಿದ್ದ ಪ್ರಬಂಧ 1961ರಷ್ಟು ಹಳೆಯದು. ಫ್ರೀಡ್‌ಮನ್, ಕಿಂಗ್ ಮತ್ತು ಎಲಿಯಟ್ ಎಂಬ ಮೂವರು ಎತ್ತರದ ಬೇಲಿಯೊಳಗೆ, ಮನುಷ್ಯ ಸಂಪರ್ಕವಿಲ್ಲದೆ ಮರಿಗಳನ್ನು ಬೆಳೆಸಿದರು. ಬೇರೆ ಬೇರೆ ವಯಸ್ಸಿನಲ್ಲಿ ಕೆಲವನ್ನು ಒಂದು ವಾರದ ಮಟ್ಟಿಗೆ ಹೊರತಂದು ಮನುಷ್ಯರೊಡನೆ ಒಡನಾಡಿಸಿದರು. ಹದಿನಾಲ್ಕು ವಾರದವರೆಗೆ ಒಳಗೇ ಉಳಿದ ಮರಿಗಳು ಆಮೇಲೆ ಎಷ್ಟು ಪ್ರಯತ್ನಿಸಿದರೂ ಮನುಷ್ಯರಿಗೆ ಸರಿಯಾಗಿ ಹೊಂದಿಕೊಳ್ಳಲಿಲ್ಲ. ಮೇನ್ ರಾಜ್ಯದ ಜಾಕ್ಸನ್ ಪ್ರಯೋಗಾಲಯದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಐದು ತಳಿಗಳ ಮೇಲಿನ ದೀರ್ಘಕಾಲದ ಅಧ್ಯಯನವನ್ನು 1965ರಲ್ಲಿ ಪುಸ್ತಕವಾಗಿ ತಂದರು. ಆ ಐದರಲ್ಲಿ ಒಂದು ಶೆಟ್‌ಲ್ಯಾಂಡ್ ಕುರಿನಾಯಿ. ಒಡನಾಟದ ಬಾಗಿಲು ಮೂರನೆಯ ವಾರದ ಸುಮಾರಿಗೆ ತೆರೆದು ಹನ್ನೆರಡನೆಯ ವಾರದ ಸುಮಾರಿಗೆ ಮುಚ್ಚಿಕೊಳ್ಳುತ್ತದೆ ಎಂಬುದು ಅವರ ನಿರ್ಣಯ.

ಸಮಸ್ಯೆ ನಿಮಗೆ ಕಾಣಿಸಿರಬೇಕು. ಚುಚ್ಚುಮದ್ದಿನ ಸರಣಿ ಮುಗಿಯುವುದು ನಾಲ್ಕನೆಯ ತಿಂಗಳ ಹೊತ್ತಿಗೆ, ಬಾಗಿಲು ಮುಚ್ಚುವುದು ಮೂರನೆಯ ತಿಂಗಳಿಗೆ. ಪಾರ್ವೊ, ಡಿಸ್ಟೆಂಪರ್ ರೋಗಗಳು ನಮ್ಮ ಬೀದಿಗಳಲ್ಲಿ ನಿಜವಾದ ಅಪಾಯ. ಆದರೆ ಮರಿಯನ್ನು ನೆಲಕ್ಕಿಡದೆಯೂ ಪ್ರಪಂಚ ತೋರಿಸಬಹುದಲ್ಲ! ತೋಳಲ್ಲಿ ಎತ್ತಿಕೊಂಡು ಬಸ್ ನಿಲ್ದಾಣದ ಬಳಿ ಹತ್ತು ನಿಮಿಷ ನಿಲ್ಲಿ. ಕನ್ನಡಕದವರು, ಹೆಲ್ಮೆಟ್ಟಿನವರು, ಮುದುಕರು, ಶಾಲೆ ಮಕ್ಕಳು ಕಾಣಲಿ. ಕುಕ್ಕರ್ ಶಿಳ್ಳೆ, ಮಿಕ್ಸಿ, ದೇವಸ್ಥಾನದ ಗಂಟೆ ಕೇಳಲಿ. ಚುಚ್ಚುಮದ್ದು ಪೂರ್ಣಗೊಂಡ, ಸಾಧು ನಾಯಿಯಿರುವ ಸ್ನೇಹಿತರ ಮನೆಗೆ ಒಯ್ಯಿರಿ. ಪ್ರಾಣಿವರ್ತನೆಯಲ್ಲಿ ಪರಿಣತರಾದ ಅಮೆರಿಕದ ಪಶುವೈದ್ಯರ ಸಂಘ 2008ರಲ್ಲಿ ಇದೇ ಸಲಹೆಯನ್ನು ಲಿಖಿತವಾಗಿ ಕೊಟ್ಟಿತು. ಐದು ವಾರಕ್ಕೇ ತಾಯಿಯಿಂದ ಬೇರ್ಪಡಿಸುವುದೂ ತಪ್ಪು. ಕಚ್ಚುವುದರಲ್ಲಿ ಮಿತಿಯನ್ನು ಮರಿ ಕಲಿಯುವುದು ಒಡಹುಟ್ಟಿದವರೊಡನೆ. ಎಂಟು ವಾರದೊಳಗಿನ ಮರಿಯನ್ನು ಮಾರುವುದನ್ನು ಭಾರತ ಸರ್ಕಾರದ 2017ರ ನಿಯಮಗಳು ನಿಷೇಧಿಸಿವೆ. ಹಲ್ಲು, ತೂಕ ನೋಡಿ ವಯಸ್ಸು ಹೇಳಬಲ್ಲ ಪಶುವೈದ್ಯರನ್ನು ಮರಿ ತರುವ ಮೊದಲೇ ಗೊತ್ತುಮಾಡಿಕೊಳ್ಳಿ, ತಂದ ಮೇಲಲ್ಲ.

ಆ ವೈದ್ಯರಿಗೆ ಮೊದಲ ದಿನವೇ ಹೇಳಬೇಕಾದ ಮಾತೊಂದಿದೆ: 'ಇದು ಕುರಿನಾಯಿ ವಂಶದ ಮರಿ.' ನಮ್ಮಲ್ಲಿ ಕಜ್ಜಿ, ಹುಳುಗಳಿಗೆ ಐವರ್‌ಮೆಕ್ಟಿನ್ ಧಾರಾಳವಾಗಿ ಬಳಕೆಯಲ್ಲಿದೆ. ಇತರ ನಾಯಿಗಳು ತಾಳುವ ಪ್ರಮಾಣದ ಈ ಮದ್ದಿನಿಂದ ಕೆಲವು ಕೋಲಿಗಳು ಪ್ರಜ್ಞೆ ತಪ್ಪಿ ಸಾಯುತ್ತವೆ ಎಂಬುದು 1980ರ ದಶಕದಲ್ಲೇ ತಿಳಿದಿತ್ತು. ಕಾರಣ ಸಿಕ್ಕಿದ್ದು 2001ರಲ್ಲಿ, ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಕ್ಯಾಟ್ರಿನಾ ಮೀಲಿ ಮತ್ತು ಸಂಗಡಿಗರಿಗೆ. ಮಿದುಳಿಗೆ ನುಗ್ಗುವ ಮದ್ದನ್ನು ರಕ್ತಕ್ಕೆ ಹಿಂದೂಡುವ ಒಂದು ಪ್ರೋಟೀನ್ ಪಂಪು ಇದೆ. ಅದರ ಜೀನಿನಲ್ಲಿ ನಾಲ್ಕು ಅಕ್ಷರಗಳು ಬಿಟ್ಟುಹೋಗಿ ಪಂಪು ಕೆಲಸ ಮಾಡುವುದಿಲ್ಲ. 2004ರಲ್ಲಿ ಇನ್ನೊಂದು ತಂಡ ಈ ದೋಷದ ಜಾಡು ಹಿಡಿದು ಹೋದಾಗ, ಅದೆಲ್ಲವೂ 1873ಕ್ಕೆ ಮುಂಚೆ ಬ್ರಿಟನ್ನಿನಲ್ಲಿದ್ದ ಒಂದೇ ಒಂದು ಪೂರ್ವಜ ನಾಯಿಯಿಂದ ಬಂದಿರಬೇಕೆಂದು ಕಂಡಿತು! ಕೋಲಿ, ಆಸ್ಟ್ರೇಲಿಯನ್ ಶೆಫರ್ಡ್‌ಗಳಲ್ಲಿ ಇದು ಬಹಳ ಸಾಮಾನ್ಯ. ಜರ್ಮನ್ ಶೆಫರ್ಡ್, ಬಾರ್ಡರ್ ಕೋಲಿಗಳಲ್ಲಿ ಕಡಿಮೆ, ಆದರೂ ಇದೆ. ಜೀನ್ ಪರೀಕ್ಷೆ ಲಭ್ಯವಿದೆ. ಮನೆಯಲ್ಲಿ ಉಳಿದ ದನದ ಮದ್ದನ್ನು ಅಂದಾಜಿನಲ್ಲಿ ನಾಯಿಗೆ ಹಾಕುವ ಅಭ್ಯಾಸವನ್ನಂತೂ ಬಿಟ್ಟುಬಿಡಿ.

ಇಷ್ಟೆಲ್ಲ ಹೇಳಿ ತಳಿಯೇ ವಿಧಿಬರಹ ಎಂದರೆ ಅದು ವಿಜ್ಞಾನವಾಗದು. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ 18,385 ನಾಯಿಗಳ ಒಡೆಯರಿಂದ ಮಾಹಿತಿ ಪಡೆಯಿತು. ನಾಯಿಯಿಂದ ನಾಯಿಗೆ ವರ್ತನೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ. 9 ಮಾತ್ರ. ಆದರೆ ಹೇಳಿದ ಮಾತಿಗೆ ಓಗೊಡುವ ಗುಣದಲ್ಲಿ ತಳಿಯ ಪಾಲು ಉಳಿದ ಗುಣಗಳಿಗಿಂತ ಹೆಚ್ಚು, ಅದರಲ್ಲಿ ತರುಬುವ ನಾಯಿಗಳು ಮುಂದು. ಭೌತವಿಜ್ಞಾನದ ಭಾಷೆಯಲ್ಲಿ ಹೇಳುವುದಾದರೆ, ತಳಿ ನಿಮಗೆ ಹಂಚಿಕೆಯ ಸರಾಸರಿಯನ್ನು ತಿಳಿಸುತ್ತದೆ. ನೀವು ಮನೆಗೆ ತರುವುದು ಆ ಹಂಚಿಕೆಯ ಒಂದೇ ಒಂದು ಬಿಂದುವನ್ನು. ಆ ಬಿಂದುವಿನ ಸುಳಿವು ಸಿಗುವುದು ತಾಯಿಯ ಬಳಿ. ತಾಯಿನಾಯಿ ನಿಮ್ಮನ್ನು ಕಂಡು ಬಾಲವಾಡಿಸುತ್ತ ಬರುತ್ತದೆಯೇ, ಮೂಲೆಗೆ ಸರಿಯುತ್ತದೆಯೇ? ಅದನ್ನು ತೋರಿಸಲು ಒಪ್ಪದಿದ್ದರೆ ವಾಪಸು ಬನ್ನಿ. ಮರಿಗಳಲ್ಲಿ ಎಲ್ಲಕ್ಕಿಂತ ಮುನ್ನುಗ್ಗುವುದೂ ಬೇಡ, ಹಿಂದೆ ಅಡಗುವುದೂ ಬೇಡ. ಮೊದಲ ಬಾರಿ ಸಾಕುವವರಿಗೆ ನಡುವಿನದೇ ಒಳ್ಳೆಯದು. ಮಚ್ಚೆಮಚ್ಚೆಯ ಬೂದು ಬಣ್ಣದ 'ಮರ್ಲ್' ಮರಿಗೆ ಹೆಚ್ಚು ಬೆಲೆ ಹೇಳಿದರೆ ತಂದೆ ತಾಯಿಯ ಬಣ್ಣ ಕೇಳಿ. ಎರಡೂ ಮರ್ಲ್ ಆಗಿದ್ದರೆ ಕೆಲವು ಮರಿಗಳು ಕಿವುಡಾಗಿ, ಕುರುಡಾಗಿ ಹುಟ್ಟುತ್ತವೆ.

ವಿದ್ಯಾರ್ಥಿನಿ ಎಲ್ಲವನ್ನೂ ಕೇಳಿಸಿಕೊಂಡು, "ಹಾಗಾದರೆ ಬೇಡ ಅಂತೀರಾ ಸರ್?" ಎಂದಳು. ಬೇಡ ಎನ್ನಲಿಲ್ಲ. ಒಂದು ತಿಂಗಳು ಬೆಳಿಗ್ಗೆ ಐದೂವರೆಗೆ ಎದ್ದು, ನಾಯಿ ಇಲ್ಲದೆಯೇ, ಒಂದು ಗಂಟೆ ನಡೆದು ಬನ್ನಿ, ಸಂಜೆ ಮತ್ತೆ ಒಂದು ಗಂಟೆ. ಮನೆಯ ಮೂವರೂ ಸರದಿಯಲ್ಲಿ, ಎಂದೆ. ದಪ್ಪ ಕೂದಲಿನ ನಾಯಿಗೆ ಏಪ್ರಿಲ್ ಮಧ್ಯಾಹ್ನ ನಡಿಗೆ ಆಗದು, ಆದ್ದರಿಂದ ಆ ಎರಡು ಹೊತ್ತು ಬಿಟ್ಟರೆ ಬೇರೆ ಸಮಯವಿಲ್ಲ. ನಡೆದದ್ದನ್ನು ಪ್ರಯೋಗಾಲಯದ ದಾಖಲೆಯಂತೆ ಪುಸ್ತಕದಲ್ಲಿ ಬರೆಯಲು ಹೇಳಿದೆ. ಹನ್ನೊಂದನೆಯ ದಿನಕ್ಕೆ ದಾಖಲೆ ನಿಂತಿತಂತೆ. ಈಗ ಅವರ ಮನೆಯಲ್ಲಿ ಇರುವುದು ಎದುರು ಬೀದಿಯ ಬೇಕರಿಯ ಬಳಿ ಬೆಳೆದ, ಮೂರು ವರ್ಷದ, ಕಂದು ಬಣ್ಣದ ನಾಡುನಾಯಿ. ಅದಕ್ಕೆ ಆಟೋಗಳ ಭಯವಿಲ್ಲ, ಅರ್ಧ ಗಂಟೆ ನಡೆದರೆ ಮನೆಗೆ ಹೋಗೋಣ ಎನ್ನುತ್ತದಂತೆ.